ಉಪ್ಪುನೀರು ಹೊಕ್ಕ ಸಿಡಿಐ: ಔಟ್‌ಬೋರ್ಡ್ ಎಂಜಿನ್‌ನಲ್ಲಿ ಕಿಡಿ ಬಾರದಿದ್ದಾಗ

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್; ಅದರ ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಸಿಡಿಐ. ಉಪ್ಪುನೀರಲ್ಲಿ ನೆನೆದ ಸಿಡಿಐಯನ್ನು ಬಿಸಿಲಿಗಿಟ್ಟು ಒಣಗಿಸಿದರೆ ಎಂಜಿನ್ ಒಂದೆರಡು ದಿನ ಓಡುತ್ತದೆ. ಮೂರನೆಯ ದಿನ ಬೆಳಿಗ್ಗೆ ಮತ್ತೆ ಹಗ್ಗ ಎಳೆದೆಳೆದು ರಟ್ಟೆ ಸೋಲುತ್ತದೆ. ಕಾರಣ ಇಷ್ಟೇ: ನೀರು ಹೋಗಿದೆ, ಉಪ್ಪು ಉಳಿದಿದೆ. ಗಾಳಿಯ ಆರ್ದ್ರತೆ ಸುಮಾರು 75% ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ತೇವ ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಸೇರಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಸುಮಾರು 33% ಆದರೂ ಸಾಕು. ಮಳೆಗಾಲದ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ಲ, ಸಿಡಿಐ ಒಳಗೂ ಕನೆಕ್ಟರ್ ಒಳಗೂ ಆಗುವುದು ಅದೇ. ಹಾಗಾಗಿ ಒಣಗಿಸುವುದು ರಿಪೇರಿಯ ಕೊನೆಯ ಅರ್ಧ ಮಾತ್ರ. ಮೊದಲ ಅರ್ಧ ಉಪ್ಪನ್ನು ತೊಳೆದು ತೆಗೆಯುವುದು. ಅದಕ್ಕೂ ಮುಂಚೆ, ಕೆಟ್ಟಿರುವುದು ನಿಜಕ್ಕೂ ಸಿಡಿಐಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ತಂತಿಯಲ್ಲೋ ಸ್ವಿಚ್ಚಿನಲ್ಲೋ ಇರುವ ದೋಷಕ್ಕೆ ಒಳ್ಳೆಯ ಸಿಡಿಐ ಬಿಸಾಡುವುದು ತೀರಾ ಸಾಮಾನ್ಯ.

ಇಲ್ಲಿ ಹೇಳಿರುವುದು ಬ್ಯಾಟರಿಯಿಲ್ಲದೆ ಹಗ್ಗ ಎಳೆದು ಚಾಲೂ ಮಾಡುವ, 8ರಿಂದ 40 ಎಚ್‌ಪಿ ಒಳಗಿನ ಟು-ಸ್ಟ್ರೋಕ್ ಎಂಜಿನ್‌ಗಳಿಗೆ ಅನ್ವಯಿಸುತ್ತದೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಹೊತ್ತಿನಲ್ಲಿ 10 ಎಚ್‌ಪಿ ಮೀರದ ಎಂಜಿನ್‌ನ ನಾಡದೋಣಿಗಳಿಗಷ್ಟೇ ಅವಕಾಶ. ಅಂದರೆ ಮಳೆ, ಅಲೆ, ತುಂತುರು ಎಲ್ಲವನ್ನೂ ತಿನ್ನುವುದು ಈ ಚಿಕ್ಕ ಎಂಜಿನ್‌ಗಳೇ. ಅಳಿವೆ ಬಾಗಿಲಲ್ಲಿ ಅಲೆ ಮುರಿಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಆದ್ದರಿಂದ ಈ ಕೆಲಸದಲ್ಲಿ "ಸದ್ಯಕ್ಕೆ ನಡೆಯುತ್ತದೆ" ಎನ್ನುವುದಕ್ಕೆ ಜಾಗವಿಲ್ಲ.

ಒಳಗೆ ನಡೆಯುವುದು

ಫ್ಲೈವೀಲ್‌ನ ಆಯಸ್ಕಾಂತ ತಿರುಗಿದಾಗ ಅದರಡಿಯ ಚಾರ್ಜ್ ಕಾಯಿಲ್‌ನಲ್ಲಿ ನೂರಾರು ವೋಲ್ಟ್ ಎಸಿ ಹುಟ್ಟುತ್ತದೆ. ಸಿಡಿಐ ಒಳಗಿನ ಡಯೋಡ್ ಅದನ್ನು ಡಿಸಿ ಮಾಡಿ ಸುಮಾರು 1 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್‌ಗೆ 200-300 ವೋಲ್ಟ್‌ನಷ್ಟು ತುಂಬುತ್ತದೆ. ಸರಿಯಾದ ಕ್ಷಣಕ್ಕೆ ಪಲ್ಸರ್ ಕಾಯಿಲ್ ಕೆಲವೇ ವೋಲ್ಟ್‌ನ ಸೂಚನೆ ಕೊಡುತ್ತದೆ. ಆಗ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ತೆರೆದು ಕೆಪ್ಯಾಸಿಟರ್‌ನ ಚಾರ್ಜ್ ಅಷ್ಟೂ ಒಮ್ಮೆಲೇ ಇಗ್ನಿಷನ್ ಕಾಯಿಲ್‌ಗೆ ಸುರಿಯುತ್ತದೆ. ಪ್ಲಗ್‌ನಲ್ಲಿ 20,000 ವೋಲ್ಟ್‌ಗೂ ಮೀರಿದ ಕಿಡಿ ಹಾರುತ್ತದೆ.

ತೇವ ಎಲ್ಲಿ ಕೈಯಾಡಿಸುತ್ತದೆ ಎಂಬುದು ಒಂದು ಸಣ್ಣ ಲೆಕ್ಕದಲ್ಲಿ ಕಾಣುತ್ತದೆ. ಕೆಪ್ಯಾಸಿಟರ್‌ನ ಎರಡು ಕಾಲುಗಳ ನಡುವೆ ಉಪ್ಪಿನ ಪದರ 100 ಕಿಲೋಓಮ್‌ನ ಸೋರುದಾರಿ ಮಾಡಿದೆ ಎನ್ನಿ. 1 ಮೈಕ್ರೊಫ್ಯಾರಡ್‌ನ ಚಾರ್ಜ್ 0.1 ಸೆಕೆಂಡಿನಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಗ್ಗ ಎಳೆದಾಗ ಎಂಜಿನ್ 500 ಆರ್‌ಪಿಎಂ ತಿರುಗಿದರೆ ಒಂದು ಸುತ್ತಿಗೆ 0.12 ಸೆಕೆಂಡ್, ಪಲ್ಸರ್‌ನ ಸೂಚನೆ ಬರುವಷ್ಟರಲ್ಲಿ ಚಾರ್ಜ್‌ನ ಒಳ್ಳೆಯ ಪಾಲು ಸೋರಿರುತ್ತದೆ. 5000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 0.012 ಸೆಕೆಂಡ್ ಅಷ್ಟೆ, ಸೋರಲು ಸಮಯವೇ ಸಿಗುವುದಿಲ್ಲ. "ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಇಲ್ಲ, ಒಮ್ಮೆ ಹಿಡಿದುಕೊಂಡರೆ ಸಂಜೆವರೆಗೂ ತೊಂದರೆ ಇಲ್ಲ" ಎಂಬ ದೂರಿನ ಹಿಂದೆ ಇರುವುದು ಇದೇ. ಇದಕ್ಕೆ ವಿರುದ್ಧವಾಗಿ, ತಣ್ಣಗಿರುವಾಗ ಚೆನ್ನಾಗಿ ಓಡಿ ಅರ್ಧ ಗಂಟೆಯ ಬಳಿಕ ನಿಂತು, ತಣಿದ ಮೇಲೆ ಮತ್ತೆ ಹಿಡಿಯುವ ಎಂಜಿನ್‌ನಲ್ಲಿ ಉಪ್ಪಿನ ಸೋರಿಕೆಗಿಂತ ಬಿಸಿಯಿಂದ ಬರುವ ದೋಷದ ಸಂಶಯ ಹೆಚ್ಚು: ಬಿಸಿಗೆ ಬೆಸುಗೆ ಬಾಯಿ ಬಿಡುತ್ತದೆ ಅಥವಾ ಎಸ್‌ಸಿಆರ್ ಸೋರತೊಡಗುತ್ತದೆ. ಮೂರನೆಯದು ಹಗ್ಗ ಹಿಂದಕ್ಕೆ ಜಗ್ಗುವುದು. ಕನೆಕ್ಟರ್‌ನಲ್ಲಿ ಚಾರ್ಜ್ ಕಾಯಿಲ್‌ನ ಪಿನ್‌ಗೂ ಪಲ್ಸರ್‌ನ ಪಿನ್‌ಗೂ ನಡುವೆ ಉಪ್ಪು ಸೇತುವೆ ಕಟ್ಟಿದರೆ ತಪ್ಪು ಹೊತ್ತಿಗೆ ಕಿಡಿ ಹಾರಿ ಹೀಗಾಗಬಹುದು. ಬೆರಳು, ಮಣಿಕಟ್ಟು ಮುರಿಯುವಷ್ಟು ಜೋರಾಗಿ ಜಗ್ಗುತ್ತದೆ. ಆ ಲಕ್ಷಣ ಕಂಡರೆ ಕನೆಕ್ಟರ್ ತೊಳೆಯುವವರೆಗೆ ಹಗ್ಗ ಮುಟ್ಟಬೇಡಿ.

ಮೊದಲು ಸೀಮೆಎಣ್ಣೆಯನ್ನು ಬದಿಗಿಡಿ

ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವ ಎಂಜಿನ್‌ನಲ್ಲಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ತಿರುಗಿಸದಿದ್ದರೆ ಕಾರ್ಬ್ಯುರೇಟರ್‌ನ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ಅದು ಆವಿಯಾಗುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ. ಇದು ಕಿಡಿ ಇಲ್ಲದ ಎಂಜಿನ್‌ನಂತೆಯೇ ವರ್ತಿಸುತ್ತದೆ. ಬಟ್ಟಲ ತಳದ ಸ್ಕ್ರೂ ಬಿಚ್ಚಿ ಬರಿದು ಮಾಡಿ, ಪೆಟ್ರೋಲ್ ತುಂಬಿಸಿ, ಒಣಗಿದ ಹೊಸ ಪ್ಲಗ್ ಹಾಕಿ ಒಮ್ಮೆ ನೋಡಿ. ಬಿ7ಎಚ್‌ಎಸ್ ಮಾದರಿಯ ಪ್ಲಗ್ ಆದರೆ ಗ್ಯಾಪ್ 0.6 ಮಿ.ಮೀ. ಆಸುಪಾಸು, ಹೆಸರಿನ ಕೊನೆಯಲ್ಲಿ 10 ಇದ್ದರೆ 1.0 ಮಿ.ಮೀ.

ಆಗಲೂ ಹಿಡಿಯದಿದ್ದರೆ ಕಿಡಿಯ ಪರೀಕ್ಷೆ. ಪ್ಲಗ್‌ಗಳನ್ನೆಲ್ಲ ಬಿಚ್ಚಿ. ಹಗ್ಗ ಹಗುರವಾಗಿ ವೇಗ ಸಿಗುತ್ತದೆ. ನಿಧಾನವಾಗಿ ಎಳೆದರೆ ಒಳ್ಳೆಯ ಸಿಡಿಐ ಕೂಡ ಕಿಡಿ ಕೊಡುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಪ್ಲಗ್ ರಂಧ್ರದಿಂದ ಇಂಧನದ ಆವಿ ಬರುವುದರಿಂದ ಬಟ್ಟೆ ತುರುಕಿ ಮುಚ್ಚಿ, ಕಿಡಿ ಪರೀಕ್ಷೆಯನ್ನು ಅಲ್ಲಿಂದ ದೂರದಲ್ಲಿ ಮಾಡಿ. ಗ್ಯಾಪ್ ಟೆಸ್ಟರ್‌ನಲ್ಲಿ (ಕಿಡಿ ಎಷ್ಟು ಅಂತರ ಹಾರುತ್ತದೆಂದು ನೋಡುವ ಸಲಕರಣೆ) 7-8 ಮಿ.ಮೀ. ಅಂತರವನ್ನು ನೀಲಿ-ಬಿಳಿ ಕಿಡಿ "ಚಟ್" ಎಂದು ಹಾರಿ ದಾಟಬೇಕು. ಪ್ಲಗ್‌ನ ಸಣ್ಣ ಗ್ಯಾಪಿನಲ್ಲಿ ಹಳದಿ ಕಿಡಿ ಕಂಡಿತೆಂದು ಸಮಾಧಾನಪಡಬೇಡಿ. ಸಿಲಿಂಡರ್‌ನ ಒತ್ತಡದಲ್ಲಿ ಅದು ಆರಿಹೋಗುತ್ತದೆ. ಇಗ್ನಿಷನ್ ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ಯಾವ ಹೈಟೆನ್ಷನ್ ತಂತಿಯನ್ನೂ ಅರ್ಥ್ ಮಾಡದೆ (ಎಂಜಿನ್ ಬಾಡಿಗೆ ಸೇರಿಸದೆ) ಗಾಳಿಯಲ್ಲಿ ತೂಗುಬಿಟ್ಟು ಎಂಜಿನ್ ತಿರುಗಿಸಬಾರದು. ಹೊರಗೆ ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಒಳಗೇ ದಾರಿ ಕೊರೆಯುತ್ತದೆ.

ಸ್ಟಾಪ್ ತಂತಿ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಪರೀಕ್ಷೆ ಇದು. ಈ ಎಂಜಿನ್‌ಗಳು ನಿಲ್ಲುವುದು ಸಿಡಿಐಯ ಒಂದು ತಂತಿಯನ್ನು ಅರ್ಥ್‌ಗೆ ಮುಟ್ಟಿಸುವುದರಿಂದ. ಯಮಹಾದ ಬಹುತೇಕ ಮಾದರಿಗಳಲ್ಲಿ ಅದು ಬಿಳಿ ತಂತಿ. ಸ್ಟಾಪ್ ಸ್ವಿಚ್ ಟಿಲ್ಲರ್ (ಎಂಜಿನ್ ತಿರುಗಿಸುವ ಹಿಡಿಕೆ) ಬಳಿ, ನೇರವಾಗಿ ಅಲೆಯ ತುಂತುರಿಗೆ ಒಡ್ಡಿಕೊಂಡು ಕೂತಿರುತ್ತದೆ. ಅದರೊಳಗೆ ಉಪ್ಪು ಕಟ್ಟಿದರೆ ನೀವು ಒತ್ತದೆಯೇ ಅದು ಅರ್ಧ ಒತ್ತಿದಂತೆ ಇರುತ್ತದೆ.

ಸಿಡಿಐ ಬದಿಯಲ್ಲಿ ಆ ತಂತಿಯನ್ನು ಬಿಡಿಸಿ ಕಿಡಿ ನೋಡಿ. ಕಿಡಿ ಬಂತೆಂದರೆ ಸಿಡಿಐ ನಿರಪರಾಧಿ. ಬಿಡಿಸಿದ ತಂತಿ ಮತ್ತು ಎಂಜಿನ್ ಬಾಡಿ ನಡುವೆ ಮಲ್ಟಿಮೀಟರ್‌ನ ಮೆಗಾಓಮ್ ರೇಂಜ್‌ನಲ್ಲಿ ಅಳೆಯಿರಿ: ಲಾಕ್ ಹಗ್ಗ (ಎಂಜಿನ್ ನಡೆಸುವವರು ಮೈಗೆ ಕಟ್ಟಿಕೊಳ್ಳುವ, ಕಳಚಿದರೆ ಎಂಜಿನ್ ನಿಲ್ಲಿಸುವ ಹಗ್ಗ) ಸ್ವಿಚ್ಚಿನಲ್ಲಿ ಸಿಕ್ಕಿಸಿರುವಾಗ ಮೀಟರ್ ಏನೂ ತೋರಿಸಬಾರದು. ಕೆಲವು ಕಿಲೋಓಮ್ ಅಥವಾ ಹತ್ತಾರು ಕಿಲೋಓಮ್ ತೋರಿಸಿದರೆ ಸ್ವಿಚ್ಚೋ ತಂತಿಯೋ ಸೋರುತ್ತಿದೆ. ಮೀಟರ್ ಸರಿ ಎಂದರೂ ನೂರಕ್ಕೆ ನೂರು ನಂಬುವಂತಿಲ್ಲ. ಮೀಟರ್‌ನ ಬ್ಯಾಟರಿ ಕೆಲವು ವೋಲ್ಟ್‌ನದು, ಎಂಜಿನ್ ಅಲ್ಲಿ ಹಾಕುವುದು ನೂರಾರು ವೋಲ್ಟ್. ಬಿಡಿಸಿದಾಗ ಕಿಡಿ ಬರುತ್ತದೆ, ಜೋಡಿಸಿದಾಗ ಹೋಗುತ್ತದೆ ಎಂಬುದೇ ಸಾಕಷ್ಟು ಸಾಕ್ಷಿ. ಸ್ವಿಚ್ ಬದಲಿಸಿ. ಆ ತಂತಿಯನ್ನು ಬಿಡಿಸಿಟ್ಟೇ ಕಡಲಿಗೆ ಇಳಿಯುವ ಅಭ್ಯಾಸ ಮಾತ್ರ ಬೇಡ. ಎಂಜಿನ್ ನಡೆಸುವವರು ನೀರಿಗೆ ಬಿದ್ದರೆ ಪ್ರೊಪೆಲರ್ ನಿಲ್ಲಿಸುವ ಏಕೈಕ ದಾರಿ ಆ ಸ್ವಿಚ್.

ಇನ್ನೊಂದು ಎಚ್ಚರಿಕೆ. ಈ ಬಗೆಯ ಸಿಡಿಐಯ ಯಾವ ತಂತಿಗೂ 12 ವೋಲ್ಟ್ ಬ್ಯಾಟರಿ ಮುಟ್ಟಿಸಿ "ಕರೆಂಟ್ ಇದೆಯಾ" ಎಂದು ನೋಡಬೇಡಿ. ಸ್ಟಾಪ್ ತಂತಿಗೆ ಬ್ಯಾಟರಿಯ ಪಾಸಿಟಿವ್ ತಾಗಿದರೆ ಒಳ್ಳೆಯ ಸಿಡಿಐ ಕೂಡ ಅಲ್ಲೇ ಸುಡುತ್ತದೆ.

ಅರ್ಥ್, ಕಾಯಿಲ್, ಮತ್ತು ಪೀಕ್ ವೋಲ್ಟೇಜ್

ಸಿಡಿಐಯ ಕಪ್ಪು ತಂತಿ ಎಂಜಿನ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ ನೋಡಿ. ಅಲ್ಯೂಮಿನಿಯಂ ಬಾಡಿ, ತಂತಿ ತುದಿಯ ತಾಮ್ರದ ಲಗ್, ನಡುವೆ ಉಪ್ಪುನೀರು: ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿ ಕೂತಿರುತ್ತದೆ. ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಲಗ್‌ನಿಂದ ಬಾಡಿಗೆ ಓಮ್ ಮೀಟರ್ ಬಹುತೇಕ ಸೊನ್ನೆ ತೋರಿಸಬೇಕು.

ಚಾರ್ಜ್ ಕಾಯಿಲ್, ಪಲ್ಸರ್ ಕಾಯಿಲ್ ಎರಡನ್ನೂ ಸಿಡಿಐಯಿಂದ ಬಿಡಿಸಿ ಓಮ್ ಅಳೆದು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ಗೆ ಹೋಲಿಸಿ. ಮಾದರಿಯಿಂದ ಮಾದರಿಗೆ ಅಂಕಿ ತುಂಬಾ ಬದಲಾಗುವುದರಿಂದ ಬೇರೆ ಎಂಜಿನ್‌ನ ಅಂಕಿ ಹಿಡಿದು ತೀರ್ಮಾನಿಸಬೇಡಿ. ಮ್ಯಾನ್ಯುಯಲ್‌ನ ಅಂಕಿ 20 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟದ್ದು. ತಾಮ್ರದ ರೋಧ ಡಿಗ್ರಿಗೆ 0.4%ರಂತೆ ಏರುತ್ತದೆ, 60 ಡಿಗ್ರಿ ಬಿಸಿಯ ಎಂಜಿನ್‌ನಲ್ಲಿ ಅಳೆದರೆ 16% ಹೆಚ್ಚು ಬಂದು ಒಳ್ಳೆಯ ಕಾಯಿಲ್ ಕೆಟ್ಟದ್ದಾಗಿ ಕಾಣುತ್ತದೆ. ಕಾಯಿಲ್‌ನಿಂದ ಬಾಡಿಗೆ ಸೋರಿಕೆ ಇದೆಯೇ ಎಂದೂ ನೋಡಿ. ಅರ್ಥ್‌ಗೆ ಸೇರದೆ ಎರಡೂ ತುದಿ ಹೊರಗೆ ಬರುವ ಕಾಯಿಲ್ ಆದರೆ, ಪೂರ್ತಿ ಬಿಡಿಸಿದ ಮೇಲೆ 250 ವೋಲ್ಟ್‌ನ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಹಾಕಿ ಸೋರಿಕೆ ಅಳೆಯುವ ಮೀಟರ್) ಬಳಸಬಹುದು. ಸಿಡಿಐಗೆ ಮಾತ್ರ ಎಂದಿಗೂ ಮೆಗ್ಗರ್ ಹಾಕಬೇಡಿ, ಒಳಗಿನ ಸೆಮಿಕಂಡಕ್ಟರ್ ಸಾಯುತ್ತದೆ.

ಓಮ್ ಸರಿಯಿದ್ದ ಮಾತ್ರಕ್ಕೆ ಕಾಯಿಲ್ ಸರಿ ಎಂದಲ್ಲ. ಅದು ಹುಟ್ಟಿಸುವ ವೋಲ್ಟೇಜ್ ನೋಡಬೇಕು. ಇಲ್ಲಿರುವುದು ಕ್ಷಣಮಾತ್ರದ ಮಿಡಿತ, ಸಾಮಾನ್ಯ ಮೀಟರ್‌ನ ಎಸಿ ರೇಂಜ್ ಅದರ ತುತ್ತತುದಿಯನ್ನು, ಅಂದರೆ ಪೀಕ್ ವೋಲ್ಟೇಜನ್ನು, ಹಿಡಿಯುವುದಿಲ್ಲ. ಪೀಕ್ ಅಡಾಪ್ಟರ್ ಮನೆಯಲ್ಲೇ ಮಾಡಿಕೊಳ್ಳಬಹುದು: 1ಎನ್4007 ಡಯೋಡ್ ಒಂದು, 0.47 ಮೈಕ್ರೊಫ್ಯಾರಡ್ 630 ವೋಲ್ಟ್‌ನ ಫಿಲ್ಮ್ ಕೆಪ್ಯಾಸಿಟರ್ ಒಂದು, ಅದಕ್ಕೆ ಸಮಾಂತರವಾಗಿ 2 ಮೆಗಾಓಮ್ ರೆಸಿಸ್ಟರ್. ಡಯೋಡ್ ಮೂಲಕ ಕೆಪ್ಯಾಸಿಟರ್ ತುಂಬುತ್ತದೆ, ಮೀಟರ್ ಅದನ್ನು ಡಿಸಿಯಾಗಿ ಓದುತ್ತದೆ. ಒಮ್ಮೆ ಅಳೆದು, ಪ್ರೋಬ್ ಅದಲುಬದಲು ಮಾಡಿ ಮತ್ತೆ ಅಳೆದು, ದೊಡ್ಡದನ್ನು ತೆಗೆದುಕೊಳ್ಳಿ. ಬರಿಗೈಯಲ್ಲಿ ಪ್ರೋಬ್‌ನ ತುದಿ ಹಿಡಿಯಬೇಡಿ.

ಹಗ್ಗವನ್ನು ರಭಸದಿಂದ ಎಳೆದಾಗ ಆರೋಗ್ಯವಂತ ಚಾರ್ಜ್ ಕಾಯಿಲ್ ಸಾಮಾನ್ಯವಾಗಿ 100 ವೋಲ್ಟ್ ದಾಟುತ್ತದೆ, ಪಲ್ಸರ್ ಕೆಲವು ವೋಲ್ಟ್ ಕೊಡುತ್ತದೆ. ಪಲ್ಸರ್‌ನ ಅಂಕಿಯಲ್ಲಿ ಅಡಾಪ್ಟರ್‌ನ ಡಯೋಡ್ ಸುಮಾರು 0.6 ವೋಲ್ಟ್ ನುಂಗುತ್ತದೆ ಎಂಬುದನ್ನು ಮರೆಯಬೇಡಿ. ಈ ಅಳತೆಯನ್ನು ಸಿಡಿಐ ಬಿಡಿಸಿ ಒಮ್ಮೆ, ಜೋಡಿಸಿ ಒಮ್ಮೆ, ಹೀಗೆ ಎರಡು ಸಲ ಮಾಡುವುದರಲ್ಲಿ ಇಡೀ ಪತ್ತೆಯ ಸತ್ವ ಇದೆ:

- ಸಿಡಿಐ ಬಿಡಿಸಿದಾಗಲೇ ಚಾರ್ಜ್ ವೋಲ್ಟೇಜ್ ಕಡಿಮೆ: ಕಾಯಿಲ್, ಅದರ ತಂತಿ ಅಥವಾ ಫ್ಲೈವೀಲ್‌ನ ಆಯಸ್ಕಾಂತ.
- ಬಿಡಿಸಿದಾಗ ಸರಿ, ಸ್ಟಾಪ್ ತಂತಿ ತೆಗೆದು ಸಿಡಿಐ ಜೋಡಿಸಿದಾಗ ಕುಸಿತ: ಸಿಡಿಐ ಒಳಗೆ ಸೋರಿಕೆ ಅಥವಾ ಶಾರ್ಟ್.
- ಜೋಡಿಸಿದಾಗಲೂ ಚಾರ್ಜ್, ಪಲ್ಸರ್ ಎರಡೂ ಸರಿ, ಆದರೆ ಸಿಡಿಐಯಿಂದ ಇಗ್ನಿಷನ್ ಕಾಯಿಲ್‌ಗೆ ಹೋಗುವ ತಂತಿಯಲ್ಲಿ ಏನೂ ಇಲ್ಲ: ಸಿಡಿಐ ಸತ್ತಿದೆ.
- ಅಲ್ಲಿಯೂ ವೋಲ್ಟೇಜ್ ಇದೆ, ಕಿಡಿ ಇಲ್ಲ: ಇಗ್ನಿಷನ್ ಕಾಯಿಲ್, ಹೈಟೆನ್ಷನ್ ತಂತಿ ಅಥವಾ ಪ್ಲಗ್ ಕ್ಯಾಪ್.

ಕೊನೆಯದಕ್ಕೆ ಕ್ಯಾಪ್ ತಿರುಗಿಸಿ ತೆಗೆದು ತಂತಿಯ ತುದಿ ನೋಡಿ. ಹಸಿರು ಕಿಲುಬು ಕಂಡರೆ 5-6 ಮಿ.ಮೀ. ಕತ್ತರಿಸಿ ಮತ್ತೆ ತಿರುಪಿ. ಕತ್ತಲಲ್ಲಿ ಸಿಹಿನೀರಿನ ತುಂತುರು ಹೊಡೆದು ಎಂಜಿನ್ ತಿರುಗಿಸಿದರೆ ಸೋರುವ ಜಾಗದಲ್ಲಿ ನೀಲಿ ಗೆರೆ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಸಿಡಿಐಯ ಪಿನ್‌ಗಳ ನಡುವೆ ಓಮ್ ಅಳೆದು ತೀರ್ಪು ಕೊಡುವ ಪಟ್ಟಿಗಳು ಹಳೆಯ ಮ್ಯಾನ್ಯುಯಲ್‌ಗಳಲ್ಲಿವೆ. ಅವು ಆಯಾ ಕಂಪನಿ ಹೇಳಿದ ಮೀಟರ್‌ಗಷ್ಟೇ ಹೊಂದುತ್ತವೆ; ಬೇರೆ ಮೀಟರ್‌ನ ಪರೀಕ್ಷಾ ವೋಲ್ಟೇಜ್ ಬೇರೆ, ಅಂಕಿಯೂ ಬೇರೆ.

ತೊಳೆಯುವುದು

ಎಂಜಿನ್ ಸಮುದ್ರಕ್ಕೆ ಬಿದ್ದು ಮೇಲೆ ಬಂದಿದ್ದು, ಕೆಲಸ ತಕ್ಷಣ ಶುರು ಮಾಡಲಾಗದಿದ್ದರೆ ಸಿಡಿಐಯನ್ನು ಗಾಳಿಗೆ ಬಿಡಬೇಡಿ. ಬಿಚ್ಚಿ ಸಿಹಿನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ. ಉಪ್ಪು ಮತ್ತು ಗಾಳಿ ಒಟ್ಟಿಗೆ ಸೇರಿದಾಗ ತಾಮ್ರ ಗಂಟೆಗಳಲ್ಲಿ ಕಿಲುಬು ಹಿಡಿಯುತ್ತದೆ. ಬಿಚ್ಚುವ ಮುನ್ನ, ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದೆಂದು 10 ಕಿಲೋಓಮ್ ರೆಸಿಸ್ಟರ್ ಅನ್ನು ಇಗ್ನಿಷನ್ ಕಾಯಿಲ್ ತಂತಿಗೂ ಅರ್ಥ್‌ಗೂ, ಸ್ಟಾಪ್ ತಂತಿಗೂ ಅರ್ಥ್‌ಗೂ ಕೆಲವು ಸೆಕೆಂಡ್ ಮುಟ್ಟಿಸಿ.

ಬಾವಿ ಅಥವಾ ನಳದ ನೀರಲ್ಲಿ ಮೆತ್ತನೆ ಹಲ್ಲುಜ್ಜುವ ಬ್ರಷ್ ಹಿಡಿದು ಹೊರಮೈ, ತಂತಿ ಹೊರಬರುವ ಮೂಲೆ, ಕನೆಕ್ಟರ್‌ನ ಒಳಗನ್ನು ತೊಳೆಯಿರಿ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಹತ್ತು ಹತ್ತು ನಿಮಿಷ ಮುಳುಗಿಸಿ, ಮೂರು ಸಲ ನೀರು ಬದಲಿಸಿ. ಕೊನೆಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಮ್ಮೆ ಅದ್ದಿ. ಅದು ಬಿರುಕುಗಳಲ್ಲಿನ ನೀರನ್ನು ಎಳೆದುಕೊಂಡು ಹೊರಬರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ, ಅದರಲ್ಲಿ ನೀರೂ ಗ್ಲಿಸರಿನ್‌ನಂಥ ಅಂಟೂ ಇರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ನೀರನ್ನು ಓಡಿಸುತ್ತದೆ, ಉಪ್ಪನ್ನು ಅಲ್ಲೇ ಎಣ್ಣೆಯಡಿ ಹೂಳುತ್ತದೆ.

ಒಣಗಿಸುವುದು 50-60 ಡಿಗ್ರಿಯಲ್ಲಿ 12ರಿಂದ 24 ಗಂಟೆ. ಮಳೆಗಾಲಕ್ಕೆ ಸುಲಭ ಉಪಾಯ: ಮೇಲ್ಗಡೆ ತೂತಿರುವ ತಗಡಿನ ಡಬ್ಬದೊಳಗೆ 60 ವ್ಯಾಟ್‌ನ ಹಳೇ ಮಾದರಿ ಬಲ್ಬು, ಅದರಿಂದ ಒಂದು ಗೇಣು ದೂರದಲ್ಲಿ ಸಿಡಿಐ, ಪಕ್ಕದಲ್ಲೊಂದು ಥರ್ಮಾಮೀಟರ್. ಆಲ್ಕೊಹಾಲ್ ಪೂರ್ತಿ ಆರಿ ವಾಸನೆ ಹೋದ ಮೇಲಷ್ಟೇ ಬಲ್ಬು ಹಚ್ಚಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಗ್ಯಾಸ್ ಒಲೆ, ಹೀಟ್ ಗನ್ ಬೇಡ. ಅಕ್ಕಿಯಲ್ಲಿ ಹೂತಿಡುವುದರಿಂದ ಉಪ್ಪು ಎಲ್ಲಿಗೂ ಹೋಗುವುದಿಲ್ಲ.

ತಂತಿಯ ಒಳದಾರಿ

ಹಲವು ಸಿಡಿಐಗಳಿಗೆ ನೀರು ಹೊಕ್ಕಿದ್ದು ಪೆಟ್ಟಿಗೆಯ ಮೈಯಿಂದಲ್ಲ, ತಂತಿಯ ತುದಿಯಿಂದ. ದೀಪದ ಬತ್ತಿ ಎಣ್ಣೆ ಹೀರಿದಂತೆ ತಾಮ್ರದ ಎಳೆಗಳ ನಡುವೆ ಉಪ್ಪುನೀರು ಒಳಗೊಳಗೇ ಏರುತ್ತದೆ. ಎಂಜಿನ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಮಳೆಗೆ ತಣಿದಾಗ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಕನೆಕ್ಟರ್ ಹಿಂದೆ ಒಂದಿಂಚು ಇನ್ಸುಲೇಷನ್ ಸುಲಿದು ನೋಡಿ. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹಿಂದೆ ಕತ್ತರಿಸುತ್ತಾ ಹೋಗಿ. ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ನಿಲ್ಲುವುದಿಲ್ಲ. ತವರ ಲೇಪಿಸಿದ ತಾಮ್ರದ ತಂತಿಯಿಂದ ಬೆಸೆದು, ಒಳಮೈಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ ಅಂಚಿನಲ್ಲಿ ಅಂಟು ಒಸರುವವರೆಗೆ ಬಿಸಿ ಮಾಡಿ. ಸಿಡಿಐ ಪೆಟ್ಟಿಗೆಯ ಅಂಚಿನವರೆಗೂ ತಾಮ್ರ ಕಪ್ಪಾಗಿದ್ದರೆ ಅದರ ಆಯುಸ್ಸು ಮುಗಿದಿದೆ.

ಬಿಚ್ಚಿ ರಿಪೇರಿ ಮಾಡಬಹುದೇ

ಸಿಡಿಐ ಪೆಟ್ಟಿಗೆಯೊಳಗೆ ಗಟ್ಟಿ ಎಪಾಕ್ಸಿ ತುಂಬಿದ್ದರೆ ಬೇಡ. ಕೆತ್ತುವಾಗಲೇ ಬಿಡಿಭಾಗಗಳು ಕಿತ್ತು ಬರುತ್ತವೆ. ಉಗುರು ಇಳಿಯುವಷ್ಟು ಮೆತ್ತನೆಯ ರಬ್ಬರಿನಂಥ ತುಂಬು ಇದ್ದರೆ 70 ಡಿಗ್ರಿಯಷ್ಟು ಬಿಸಿ ಮಾಡಿ ಬಿದಿರ ಕಡ್ಡಿಯಿಂದ ಬಿಡಿಸಬಹುದು. ಕೆಪ್ಯಾಸಿಟರ್ ಬದಲಿಸುವಾಗ ಮೂಲದಲ್ಲಿದ್ದಷ್ಟೇ ಮೈಕ್ರೊಫ್ಯಾರಡ್‌ನದನ್ನು ಹಾಕಿ, ಪಾಲಿಪ್ರೊಪಿಲೀನ್ ಫಿಲ್ಮ್, 400 ವೋಲ್ಟ್ ಅಥವಾ ಮೇಲಿನದು. ದೊಡ್ಡದು ಹಾಕಿದರೆ ಹಗ್ಗ ಎಳೆಯುವ ವೇಗದಲ್ಲಿ ಅದು ತುಂಬುವುದೇ ಇಲ್ಲ. ಡಯೋಡ್‌ಗೆ ಯುಎಫ್4007 ಸಾಕು. ಎಸ್‌ಸಿಆರ್ ವಿಷಯದಲ್ಲಿ ಎಡವುವವರು ಹೆಚ್ಚು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಬಿಟಿ151-800 ವೋಲ್ಟೇಜ್ ತಡೆಯುತ್ತದೆ, ಆದರೆ ಅದರ ಗೇಟ್‌ಗೆ 15 ಮಿಲಿಆಂಪ್‌ವರೆಗೆ ಬೇಕಾಗಬಹುದು. ಮೂಲದ್ದು ಸೂಕ್ಷ್ಮ ಗೇಟಿನದಾಗಿದ್ದರೆ ಪಲ್ಸರ್‌ನ ಸೂಚನೆ ಆ ಮಟ್ಟ ಮುಟ್ಟುವಷ್ಟರಲ್ಲಿ ತಡವಾಗುತ್ತದೆ, ಕಿಡಿ ಹಿಂದೆ ಬೀಳುತ್ತದೆ. ಬದಲಿಸಿದ ಮೇಲೆ ಕಿಡಿ ಹಾರುವ ಕ್ಷಣ ತೋರಿಸುವ ಟೈಮಿಂಗ್ ಲೈಟ್ ಹಿಡಿದು ಮ್ಯಾನ್ಯುಯಲ್‌ನ ಗುರುತಿಗೆ ತಾಳೆ ನೋಡದೆ ಎಂಜಿನ್‌ಗೆ ಲೋಡ್ ಕೊಡಬೇಡಿ.

ಮತ್ತೆ ಮುಚ್ಚಲು ನಿಧಾನವಾಗಿ ಗಟ್ಟಿಯಾಗುವ ಎಲೆಕ್ಟ್ರಾನಿಕ್ಸ್ ದರ್ಜೆಯ ಎಪಾಕ್ಸಿ ಅಥವಾ ಪಾಲಿಯುರೆಥೇನ್. ಬಾತ್‌ರೂಮ್ ಸಿಲಿಕಾನ್‌ನಲ್ಲಿ ವಿನೆಗರ್‌ನ ಹುಳಿ ವಾಸನೆ ಬರುವ ಬಗೆ ಬೇಡವೇ ಬೇಡ, ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಇಷ್ಟೆಲ್ಲ ಮಾಡಿದರೂ, ಒಮ್ಮೆ ಉಪ್ಪುನೀರು ಒಳಹೊಕ್ಕ ಸಿಡಿಐಯನ್ನು ಹೊಳೆ, ಹಿನ್ನೀರಿನ ಕೆಲಸಕ್ಕೆ ಇಟ್ಟುಕೊಳ್ಳಿ. ಅಳಿವೆ ದಾಟುವ ದೋಣಿಗೆ ಹೊಸದನ್ನೇ ಹಾಕಿ.

ಮರುಜೋಡಣೆ ಮತ್ತು ಮರುದಿನದ ಪರೀಕ್ಷೆ

ಸಿಡಿಐ ಕೂರುವ ರಬ್ಬರ್ ಬುಷ್‌ಗಳು ಗಟ್ಟಿಯಾಗಿದ್ದರೆ ಬದಲಿಸಿ. ಎಂಜಿನ್‌ನ ಅದುರುವಿಕೆ ನೇರ ತಟ್ಟಿದರೆ ತುಂಬಿನಲ್ಲಿ ಬಿರುಕು ಬಿಡುತ್ತದೆ. ತಂತಿಗಳು ಕನೆಕ್ಟರ್‌ಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರಲಿ, ಆಗ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರ್‌ನ ಸೀಲಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಎಂಜಿನ್ ಮುಚ್ಚಳದ ರಬ್ಬರ್ ಸುತ್ತು ಎಲ್ಲಿಯಾದರೂ ಚಪ್ಪಟೆಯಾಗಿದೆಯೇ ನೋಡಿ. ದಡಕ್ಕೆ ಬಂದೊಡನೆ ಬಿಸಿ ಎಂಜಿನ್‌ಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತುವ ರೂಢಿ ಬಿಡಿಸಬೇಕು. ಒಳಗಿನ ಆವಿ ರಾತ್ರಿ ತಣಿದು ನೀರಾಗಿ ಸಿಡಿಐ ಮೇಲೆಯೇ ಕೂರುತ್ತದೆ. ಮಳೆ ತಾಗದ ಕಡೆ ಅರ್ಧ ಗಂಟೆ ಮುಚ್ಚಳ ತೆರೆದಿಟ್ಟು ಆಮೇಲೆ ಹೊದಿಸಿ.

ನೀರು ತುಂಬಿದ ಡ್ರಮ್‌ನಲ್ಲಿ ಅರ್ಧ ಗಂಟೆ ಓಡಿಸಿ, ಕತ್ತಲಲ್ಲಿ ಸಿಹಿನೀರು ಸಿಂಪಡಿಸಿ, ಸ್ಟಾಪ್ ಸ್ವಿಚ್ಚನ್ನೂ ಲಾಕ್ ಹಗ್ಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಆದರೆ ಎಂಜಿನ್ ವಾಪಸ್ ಕೊಡುವುದು ಅಂದೇ ಬೇಡ. ಬಿಸಿಯಾಗಿ, ರಾತ್ರಿಯಿಡೀ ತಣಿದು, ತೇವದ ಗಾಳಿ ಕುಡಿದ ಮೇಲೆ ಮರುದಿನ ಮುಂಜಾನೆ ಮೊದಲ ಎಳೆತದಲ್ಲೇ 7 ಮಿ.ಮೀ. ಗ್ಯಾಪ್ ದಾಟುವ ಕಿಡಿ ಬರಬೇಕು. ಬಾರದಿದ್ದರೆ ಒಳಗೆ ಉಪ್ಪು ಇನ್ನೂ ಇದೆ. ಡಿಸ್ಟಿಲ್ಡ್ ನೀರಿನಿಂದ ಮತ್ತೆ ಶುರು ಮಾಡಿ.